ಸುಣ್ಣದ ಕಡ್ಡಿ, ಚಿಪ್ಪಿನ ಬಳೆ

ಹೋದ ತಿಂಗಳು ಹುಣಸೂರಿನಲ್ಲಿ, ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆ. ಹುಡುಗಿ ಅನ್ನುತ್ತೇನೆ, ಅವಳಿಗೇ ಈಗ ಮದುವೆಗೆ ಬಂದ ಮಗಳಿದ್ದಾಳೆ. ಆ ಮದುವೆಗೆಂದು ಮನೆಗೆ ಸುಣ್ಣ ಹೊಡೆಸುತ್ತಿದ್ದಳು. ಅವಳ ಗಂಡನಿಗೆ ಪೇಂಟು ಆಗಬೇಕಿತ್ತು, ಅತ್ತೆಗೆ ಚಿಪ್ಪಿನ ಸುಣ್ಣವೇ ಆಗಬೇಕಿತ್ತು. ಅತ್ತೆ ಗೆದ್ದಿದ್ದರು. ಹಿತ್ತಲಲ್ಲಿ ಹಳೆಯ ಡ್ರಮ್ಮೊಂದಕ್ಕೆ ಸುಣ್ಣ ಸುರಿದು ನೀರು ಹಾಕಿದ್ದರು, ಅದು ಬುಸುಗುಟ್ಟಿ ಕುದಿಯುತ್ತಿತ್ತು. ಆ ಬಿಸಿ ಆವಿ ಮೂಗಿಗೆ ಬಡಿದದ್ದೇ ತಡ, ನಾನು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ಏನಾಯ್ತು ಮಿಸ್? ತಲೆ ಸುತ್ತು ಬಂತಾ?" ಎಂದು ಅವಳು ಓಡಿ ಬಂದಳು.

"ಏನಿಲ್ಲ ಕಣೇ. ಸುಣ್ಣ," ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಉಳಿದವರಿಗೆ ಮಲ್ಲಿಗೆಯ ವಾಸನೆಗೋ ಮೊದಲ ಮಳೆಯ ಮಣ್ಣಿನ ವಾಸನೆಗೋ ಹಳೆಯದು ನೆನಪಾಗುತ್ತದೆ. ನನಗೆ ಸುಣ್ಣ. ಏನು ಮಾಡುವುದು, ಅವರವರ ಪಾಲಿಗೆ ಬಂದದ್ದು.

ನೆನಪಾದದ್ದು ದೊಡ್ಡ ಯುದ್ಧ ಮುಗಿದ ಮರುವರ್ಷದ ಮಳೆಗಾಲ. ಮೈಸೂರಿನಲ್ಲಿ ಇನ್ನೂ ಮಹಾರಾಜರ ಆಳ್ವಿಕೆ. ಸೀಮೆಎಣ್ಣೆಗೆ ಕಂಟ್ರೋಲು, ಬಟ್ಟೆಗೆ ಕಂಟ್ರೋಲು. ನಾನು ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದವಳು. ಆ ಮನೆಯಲ್ಲಿ ಆಗ ಇದ್ದದ್ದು ಇಬ್ಬರೇ, ನಾನು ಮತ್ತು ನನ್ನ ಅತ್ತೆ ಕೆಂಪಮ್ಮ. ಮಾವನವರು ನಾನು ಬರುವ ಮೊದಲೇ ತೀರಿಹೋಗಿದ್ದರು. ನನ್ನ ಗಂಡ ನಂಜಯ್ಯ ಮಹಾರಾಜರ ಪಡೆಗೆ ಸೇರಿ ಕಡಲು ದಾಟಿ ಹೋಗಿದ್ದರು. ಈಗ ಹೀಗೆ ಹೆಸರು ಹಿಡಿದು ಬರೆಯುತ್ತಿದ್ದೇನೆ. ಆಗ ಗಂಡನ ಹೆಸರು ಬಾಯಲ್ಲಿ ಬಂದರೆ ಅತ್ತೆಯರೆಲ್ಲ ಸೇರಿ ಚಳಿ ಬಿಡಿಸುತ್ತಿದ್ದರು.

ಅವರು ಹೊರಟ ದಿನ ಹುಣಸೂರಿನವರೆಗೆ ಹೋಗಿದ್ದೆವು. ಬಸ್ಸು ಹತ್ತುವ ಮುನ್ನ, ಅಷ್ಟು ಜನರ ನಡುವೆ, ನನ್ನ ಸೆರಗಿನ ಮರೆಯಲ್ಲಿ ಕೈ ತೂರಿಸಿ ನನ್ನ ಮಣಿಕಟ್ಟನ್ನು ಹೆಬ್ಬೆರಳಿನಿಂದಲೂ ನಡುಬೆರಳಿನಿಂದಲೂ ಸುತ್ತಿ ಹಿಡಿದರು. "ಏನಮ್ಮೀ ಇದು, ಇಷ್ಟೇ ಇಷ್ಟು ಅದೆ. ವಸಿ ಚೆನ್ನಾಗ್ ಉಣ್ಣು," ಅಂದರು. ಎಷ್ಟೋ ದೂರಕ್ಕೆ ಹೊರಟ ಗಂಡ ಹೆಂಡತಿಗೆ ಹೇಳುವ ಮಾತೇ ಅದು? ನನಗೆ ಸಿಟ್ಟು ಬಂದು ಮುಖ ತಿರುಗಿಸಿಕೊಂಡೆ. ಬಸ್ಸು ಹೋಯಿತು.

ಆಮೇಲೆ ಸಿಂಗಪುರ ಬಿತ್ತು ಎಂದರು. ಜಪಾನಿನವರಿಗೆ ಸೆರೆ ಸಿಕ್ಕಿದ್ದಾರೆ ಎಂಬ ಸುದ್ದಿ ಮೈಸೂರಿನಿಂದ ಬಂತು. ಅದಾದ ಮೇಲೆ ಒಂದು ಮಾತೂ ಬರಲಿಲ್ಲ. ವರ್ಷಗಳು ಹೋದವು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ಸತ್ತವರ ಹೆಸರಿನಲ್ಲಿ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಬಾಳೆ ಎಲೆಯಲ್ಲಿ ಎಡೆ ಇಡುತ್ತೇವೆ. ಪ್ರತಿವರ್ಷ ಪಕ್ಕದ ಮನೆಯಿಂದ ಅತ್ತೆಯ ಓರಗಿತ್ತಿ ದ್ಯಾವಮ್ಮ ಬರುತ್ತಿದ್ದರು. ಊರಿನ ಹುಟ್ಟು, ಸಾವು, ಮದುವೆ ಯಾವುದರ ಶಾಸ್ತ್ರವೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಮಾವನವರಿಗೆ ಹಾಕಿದ ಒಂದೇ ಎಲೆಯನ್ನು ನೋಡಿ ಅವರು, "ಕೆಂಪೀ, ನಂಜಂಗೂ ಒಂದ್ ಎಲೆ ಆಕ್ಬುಡು. ಅದ್ರ ಜೀವ ಎಲ್ಲಿ ಅಸ್ಕಂಡು ಅಲೀತಾ ಅದೋ," ಎನ್ನುತ್ತಿದ್ದರು.

"ಬದ್ಕಿರೋ ಮಗಂಗೆ ಎಡೆ ಇಕ್ಕು ಅಂತೀಯಲ್ಲ ಅಕ್ಕ, ನಿನ್ ಬಾಯಿಗೆ ಏನ್ ಬಂದದೆ?" ಎಂದು ಅತ್ತೆ ಎದ್ದು ಹೋಗುತ್ತಿದ್ದರು.

ಆ ಎರಡನೆಯ ಎಲೆಯ ಜೊತೆಗೆ ಏನು ಬರುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಎಡೆ ಇಟ್ಟರೆ ಅವರು ಸತ್ತಂತೆ. ಅವರು ಸತ್ತರೆ ನನ್ನ ಕೈಯ ಬಳೆ, ಹಣೆಯ ಕುಂಕುಮ, ಮುಡಿಯ ಹೂವು ಅವತ್ತೇ ಹೋಗಬೇಕು. ದೊಡ್ಡತ್ತೆಯೇ ನಿಂತು ತೆಗೆಸಬೇಕು. ನನಗೆ ಆಗ ಇಪ್ಪತ್ತೂ ತುಂಬಿರಲಿಲ್ಲ.

ಬೋರಯ್ಯ ಬಂದದ್ದು ಆಷಾಢದಲ್ಲಿ. ಹೊಳೆಯ ಕಟ್ಟೆಯಿಂದ ನೀರು ಗದ್ದೆಗೆ ಬಿಟ್ಟಿದ್ದರು, ನಾಟಿ ಶುರುವಾಗಿತ್ತು. ಜಡಿಮಳೆ. ನಾವಿಬ್ಬರೂ ಮೊಳಕಾಲವರೆಗೆ ಕೆಸರು ಮಾಡಿಕೊಂಡು ಆಗತಾನೇ ಮನೆಗೆ ಬಂದಿದ್ದೆವು. ಅಂಗಳದಲ್ಲಿ ಒಬ್ಬ ಗಂಡಸು ನಿಂತಿದ್ದ. ಚಳಿಜ್ವರದಿಂದ ಮೈಯೆಲ್ಲ ಹಳದಿ ಬಣ್ಣಕ್ಕೆ ತಿರುಗಿತ್ತು, ಕಂಕುಳಲ್ಲಿ ಟವೆಲಿನ ಗಂಟು. ಅತ್ತೆಯನ್ನು ಕಂಡವನೇ ಬಗ್ಗಿ ಆ ಕೆಸರುಗಾಲನ್ನೇ ಮುಟ್ಟಿ "ಅವ್ವಾ" ಎಂದ.

"ಯಾರಪ್ಪ ನೀನು? ಯಾವೂರು?"

"ಕಂಪಲಾಪುರದೋನು ಕಣವ್ವ, ಬೋರಯ್ಯ. ನಂಜನ ಜೊತೇಲಿದ್ದೆ."

ಯಾವ ತಾಯಿಯಾದರೂ ಆಗ 'ನನ್ನ ಮಗ ಎಲ್ಲಿ' ಎಂದು ಕೇಳುತ್ತಾಳೆ. ಅತ್ತೆ ಕೇಳಲಿಲ್ಲ. "ಮಳೇಲಿ ನೆಂದೋಗಿದ್ದೀಯ. ಒಳೀಕ್ ಬಾ. ಪುಟ್ಟೀ, ಬಿಸ್ನೀರು ಕೊಡು," ಅಂದರು. ನನಗೆ ಅಷ್ಟರಲ್ಲೇ ಗೊತ್ತಾಗಿಹೋಯಿತು. ಒಳ್ಳೆಯ ಸುದ್ದಿ ತಂದವನು ಬೀದಿಯಿಂದಲೇ ಕೂಗಿಕೊಂಡು ಬರುತ್ತಾನೆ. ತನ್ನ ಹೆಸರು ಹೇಳುವುದಕ್ಕೂ ಮುಂಚೆ ಪರರ ತಾಯಿಯನ್ನು ಅವ್ವ ಎಂದವನು ಯಾರ ಜಾಗಕ್ಕೋ ಬಂದಿದ್ದಾನೆ. ನಾನು ಒಲೆಯ ಮುಂದೆ ಕುಳಿತು ಹಸಿ ಸೌದೆ ಊದಿದೆ. ಹೊಗೆ ಇದ್ದದ್ದು ಅನುಕೂಲವಾಯಿತು.

ಉಂಡಾದ ಮೇಲೆ ಬೋರಯ್ಯ ಗಂಟು ಬಿಚ್ಚಿದ. ಒಳಗೆ ಗೇಣುದ್ದದ ಒಂದು ಕಡ್ಡಿ. ಕರಿಯ ಮರ, ಕಬ್ಬಿಣದಷ್ಟು ಭಾರ. ಕೆಳಗೆ ಚಪ್ಪಟೆ, ತುದಿ ಚೂಪು. ಮೇಲ್ಗಡೆ ಒಬ್ಬ ಮನುಷ್ಯ ಮಂಡಿ ಮಡಿಸಿ ಕುಳಿತಂತೆ ಕೆತ್ತಿದ್ದರು. ಮೂಗು ಹಕ್ಕಿಯ ಕೊಕ್ಕಿನ ಹಾಗೆ ಇಳಿದು ಗದ್ದ ಮುಟ್ಟಿತ್ತು. ಕಣ್ಣಿಗೆ ಬಿಳಿ ಚಿಪ್ಪಿನ ಚೂರು ಕೂರಿಸಿದ್ದರು. ಕೊರಳಿನಿಂದ ನಾರಿನ ದಾರದಲ್ಲಿ ಪುಟ್ಟ ಪುಟ್ಟ ಚಿಪ್ಪುಗಳೂ ಎರಡು ಕರಿ ಗರಿಗಳೂ ಜೋಲಾಡುತ್ತಿದ್ದವು.

"ನಾವಿದ್ದ ದ್ವೀಪದೋರು ಕೆತ್ತಿದ್ದು ಕಣವ್ವ. ನ್ಯೂಗಿನಿ ಅಂತ. ಇದು ನಂಜನ್ದು. ಅವ್ವಂಗೆ ಕೊಡು ಅಂದ."

"ಅಂದ್ನಾ?" ಎಂದು ಅತ್ತೆ ಅದನ್ನು ಕೈಗೆ ತೆಗೆದುಕೊಂಡರು. ಆಮೇಲೆ, ನನ್ನ ಕಡೆ ನೋಡದೆ, "ಇನ್ನೂ ತಡ ಆಯ್ತದಾ ಅವ್ನು ಬರೋದು?" ಎಂದು ಕೇಳಿದರು.

ಬೋರಯ್ಯ ನನ್ನ ಕೈಯ ಬಳೆಗಳನ್ನು ನೋಡಿದ. "ಬಲು ದೂರ ಕಣವ್ವ. ಹಡಗು ಸಿಕ್ಬೇಕು," ಎಂದ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಬೆಳಿಗ್ಗೆ ಅವನನ್ನು ಬಸ್ಸಿನ ರಸ್ತೆಯವರೆಗೆ ಬಿಟ್ಟು ಬರಲು ಅತ್ತೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. "ಬಸ್ಸಿನ ಇದ್ದಲ ಹೊಗೆ," ಅಂದರು. ಆಗಿನ ಬಸ್ಸುಗಳು ಇದ್ದಲಿನಿಂದ ಓಡುತ್ತಿದ್ದದ್ದು ನಿಜ. ನಾನೂ ಹೌದೌದು ಅಂದೆ.

ಕಡ್ಡಿಯ ಸುದ್ದಿ ಊರಿಗೆಲ್ಲ ಹಬ್ಬಿತು. ಅದೇ ವಾರ ದೊಡ್ಡತ್ತೆಯ ಮನೆಯಲ್ಲಿ ಕರುವೊಂದು ಹೊಟ್ಟೆ ಉಬ್ಬರಿಸಿ ಸತ್ತಿತು. ಮುಗಿಯಿತಲ್ಲ. ದೊಡ್ಡತ್ತೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಜಗುಲಿಗೆ ಬಂದು ಕುಳಿತರು.

"ಮಾಟದ ಗೊಂಬೆ ಕಣೇ ಅದು ಕೆಂಪೀ. ಮಲೆಯಾಳದ ಮಂತ್ರಗಾರ್ರು ಮಾಡೋದ ನಾ ಕಂಡಿಲ್ವ? ಮೂಗು ನೋಡು, ಕಣ್ಣು ನೋಡು. ಹೊಳೆಗೆ ಎಸ್ದು ತಲೆ ಮೇಲೆ ನೀರುಯ್ಕೊಂಡು ಬಾ."

ಅತ್ತೆ ಒಳಗಿಂದ ಕಡ್ಡಿ ತಂದು ಬೆಳಕಿಗೆ ಹಿಡಿದರು. ಅದರ ಚೂಪು ತುದಿಯ ಗೀರುಗಳಲ್ಲಿ ಏನೋ ಬೆಳ್ಳಗೆ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡರು. ಹೆಂಗಸರು ಹಾಂ ಎಂದು ಕೂಗಿದರು. ಅತ್ತೆಯ ಮುಖ ಒಮ್ಮೆಗೇ ಅರಳಿತು. ಸೊಂಟದಿಂದ ಎಲೆಯಡಿಕೆ ಸಂಚಿ ಬಿಡಿಸಿ, ಸುಣ್ಣಕಾಯಿಯ ಮುಚ್ಚಳ ತೆಗೆದು, ಕಡ್ಡಿಯನ್ನು ಒಳಗೆ ಅದ್ದಿ, ವೀಳ್ಯದೆಲೆಗೆ ಸುಣ್ಣ ಹಚ್ಚಿದರು. ಅಡಿಕೆ ಇಟ್ಟು ಮಡಿಸಿ ಬಾಯಿಗೆ ಹಾಕಿಕೊಂಡು ದೊಡ್ಡತ್ತೆಯನ್ನು ನೋಡುತ್ತಾ ಅಗಿದರು.

"ಸುಣ್ಣದ್ ಕಡ್ಡಿ ಕಣಕ್ಕ ಇದು. ಮಾಟದ ಗೊಂಬೇಲಿ ಎಲೆಯಡ್ಕೆ ಆಕೊಂಡೋಳ್ನ ಎಲ್ಲಾರಾ ಕಂಡಿದ್ದೀಯಾ? ನಿನ್ ಕರ ಹಸಿ ಜೋಳದ ಸೊಪ್ ತಿಂದು ಸತ್ತದೆ. ಇಡ್ಕ, ನೀನೂ ಒಂದೆಲೆ ಆಕ್ಕೊ."

ದೊಡ್ಡತ್ತೆ ಹಾಕಿಕೊಳ್ಳಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ಎಲ್ಲರೂ ಹೋದ ಮೇಲೆ ಅತ್ತೆ ಕಡ್ಡಿಯ ತಲೆಯನ್ನು ನನಗೆ ತೋರಿಸಿದರು. "ಇಲ್ನೋಡು ಪುಟ್ಟಿ. ಇವ್ನು ತಲೆಗೆ ಟವಲ್ ಸುತ್ಕೊಂಡವ್ನೆ. ಗಂಟು ಎಡಗಡೀಕ್ ಹಾಕವ್ನೆ." ನನ್ನ ಗಂಡ ಗದ್ದೆಗೆ ಹೋಗುವಾಗ ಹಾಗೆಯೇ ಕಟ್ಟುತ್ತಿದ್ದರು, ಗಂಟು ಎಡಕ್ಕೆ. ಆ ಕೆತ್ತಿದವನು ತನ್ನ ಜನರ ಮೂಗನ್ನೂ ಕಣ್ಣನ್ನೂ ಕೊಟ್ಟಿದ್ದ, ತಲೆಗೆ ಮಾತ್ರ ನನ್ನ ಗಂಡನ ಟವೆಲು ಕಟ್ಟಿದ್ದ. ನಾವಿಬ್ಬರೂ ಅದನ್ನು ತುಂಬ ಹೊತ್ತು ನೋಡಿದೆವು.

ಆ ಮಳೆಗಾಲವಿಡೀ ನಾವು ಆಡಿದ ನಾಟಕ ಈಗ ನೆನೆದರೆ ನಗು ಬರುತ್ತದೆ, ಅಳುವೂ ಬರುತ್ತದೆ. ಮಳೆ ಬಿಡಲಿಲ್ಲ. ಲಕ್ಷ್ಮಣತೀರ್ಥ ಹೊಳೆ ಕೆಂಪಗೆ ತುಂಬಿ ಕಟ್ಟೆಯ ಮೇಲೆ ಉಕ್ಕಿ ಹರಿಯಿತು. ನಾಟಿ ಮುಗಿದು ಕಳೆ ಕೀಳುವ ಕೆಲಸ ಬಂತು. ಬಗ್ಗಿಕೊಂಡು ಕಳೆ ಕೀಳುತ್ತಾ ಅತ್ತೆ, "ನಂಜ ಬಂದೇಟ್ಗೆ ಈ ಗದ್ದೆ ಬದ ಎತ್ರ ಮಾಡಿಸ್ಬೇಕು," ಎನ್ನುತ್ತಿದ್ದರು. "ಊಂ ಅತ್ತೆಮ್ಮ, ಕೊಟ್ಟಿಗೆ ಬಾಗ್ಲೂ ಹೊಸ್ದು ಹಾಕಿಸ್ಬೇಕು," ಎನ್ನುತ್ತಿದ್ದೆ ನಾನು. ಅವರು ನಂಬಿದ್ದಾರೆ, ಆ ನಂಬಿಕೆ ಒಡೆದರೆ ಸತ್ತೇಹೋಗುತ್ತಾರೆ ಎಂದು ನನ್ನ ಲೆಕ್ಕ. ಬಳೆಗಾರ ಬಂದಾಗ, ನನ್ನ ಕೈ ತುಂಬಾ ಬಳೆ ಇದ್ದರೂ, ಇನ್ನಷ್ಟು ಇಡಿಸಿದರು. ಹಸಿರು ಗಾಜಿನವು. ಅವನು ನನ್ನ ಬೆರಳ ಗಿಣ್ಣುಗಳನ್ನು ಒತ್ತಿ ಒತ್ತಿ ಒಂದೊಂದೇ ಏರಿಸುವಾಗ ಅತ್ತೆ ಪಕ್ಕದಲ್ಲೇ ಕುಳಿತು ನೋಡುತ್ತಿದ್ದರು. ನನಗೆ ಆ ಬಳೆ ಬೇಡವಾಗಿತ್ತು, ಅವರಿಗೋಸ್ಕರ ಕೈ ಚಾಚಿದ್ದೆ.

ಭಾದ್ರಪದದ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಕಾಣಲಿಲ್ಲ. ಹಸುವಿಗೆ ಹುಲ್ಲು ಹಾಕುತ್ತಿರಬಹುದು ಎಂದು ಕೊಟ್ಟಿಗೆಗೆ ಹೋದೆ. ಅತ್ತೆ ನನಗೆ ಬೆನ್ನು ಹಾಕಿ ಕುಳಿತಿದ್ದರು. ಕೊಟ್ಟಿಗೆಯ ಹಿಂಗೋಡೆಯ ಗೂಡಿನಲ್ಲಿ ಸುಣ್ಣಕಾಯಿ ಇಟ್ಟು, ಅದರೊಳಗೆ ಕಡ್ಡಿಯನ್ನು ನೆಟ್ಟು ನಿಲ್ಲಿಸಿದ್ದರು. ಅದರ ಮುಂದೆ ಮುತ್ತುಗದ ಎಲೆಯ ಮೇಲೆ ಒಂದು ತುತ್ತು ಮುದ್ದೆ, ಸೊಪ್ಪಿನ ಸಾರು. ಪಕ್ಕದಲ್ಲಿ ಒಣಗಿದ ಎಲೆಗಳ ಒಂದು ಸಣ್ಣ ರಾಶಿಯೇ ಇತ್ತು. ದಿನಾ ಇಡುತ್ತಿದ್ದರು. ನನ್ನ ಕಣ್ಣಿಗೆ ಬೀಳದಂತೆ, ಹಸುವಿನ ಹಿಂದೆ, ಕತ್ತಲಲ್ಲಿ, ಹೆತ್ತ ಮಗನಿಗೆ ಕದ್ದು ಎಡೆ ಇಡುತ್ತಿದ್ದರು.

ನಾನು ಸದ್ದಾಗದಂತೆ ಹಿಂದಕ್ಕೆ ಬಂದೆ. ಊಟಕ್ಕೆ ಕುಳಿತಾಗ ಅವರ ತಟ್ಟೆಗೆ ಸಾರು ಬಡಿಸಿದೆ.

"ಅತ್ತೆಮ್ಮ, ಹಿರಿಯರ ಹಬ್ಬಕ್ಕೆ ಈ ಸಲ ಎರಡು ಎಲೆ ಹಾಕಾನ," ಅಂದೆ.

ಅವರ ಕೈ ತಟ್ಟೆಯಲ್ಲೇ ನಿಂತಿತು. "ನಿಂಗೆ ಯಾರೇಳುದ್ರು?"

"ನಿಮ್ಗೆ ಯಾರೇಳುದ್ರು?"

"ಬೋರ. ಅವತ್ತೇ, ರಸ್ತೇಲಿ. ನಿಂಗೆ ಏಳ್ಬೇಡ ಅಂತ ನಾನೇ ಆಣೆ ಇಕ್ಕಿದ್ದೆ."

"ನಂಗೆ ಯಾರೂ ಏಳ್ಲಿಲ್ಲ. ಬಂದೋರು ನಿಮ್ ಕಾಲು ಮುಟ್ದಾಗ್ಲೇ ಗೊತ್ತಾಯ್ತು."

"ಅಯ್ಯೋ ಮುಂಡೇದೆ," ಎಂದರು ಅತ್ತೆ. ಬೈಗುಳವಲ್ಲ ಅದು. ಎಂಜಲು ಕೈಯಲ್ಲೇ ನನ್ನ ಕೈ ಹಿಡಿದು ಬಳೆಗಳನ್ನು ಸವರಿದರು. "ನಾನು ಎಲೆ ಹಾಕಿದ್ ದಿನ ಇವು ಹೋಯ್ತವಲ್ಲ ಅಂತ ಬಾಯ್ ಮುಚ್ಕೊಂಡಿದ್ದೆ ಕಣೇ. ನನ್ ಕೈಯಾರೆ ಹೆಂಗೆ ತಗೀಲಿ?"

ಅಲ್ಲಿಗೆ ನಮ್ಮ ನಾಟಕ ಮುಗಿಯಿತು. ಬಳೆಯ ಸಂಕಟ ಹಾಗೇ ಉಳಿಯಿತು.

ಅತ್ತೆ ಕಂಪಲಾಪುರದ ಸಂತೆಗೆ ಹೋಗುವವರ ಕೈಯಲ್ಲಿ ಬೋರಯ್ಯನಿಗೆ ಹೇಳಿಕಳಿಸಿದರು, ಅಮಾವಾಸ್ಯೆಗೆ ಬಾ, ಮಗನ ಜಾಗದಲ್ಲಿ ನಿಂತು ಎಡೆ ಇಡು ಎಂದು. ಅವನು ಬೆಳಿಗ್ಗೆಯೇ ಬಂದ. ಮೈ ಇನ್ನೂ ನೆಟ್ಟಗಾಗಿರಲಿಲ್ಲ. ಅತ್ತೆ ಹುರುಳಿಕಾಳು ಆರಿಸುತ್ತಾ, "ಏಳಪ್ಪ ಈಗ. ಇವ್ಳ ಮುಂದೇನೇ ಎಲ್ಲಾ ಏಳು," ಅಂದರು. ಅವನು ಗೋಡೆಗೆ ಒರಗಿ ಹೇಳಿದ.

ಜಪಾನಿನವರು ಅವರನ್ನು ಆ ದ್ವೀಪಕ್ಕೆ ಕೂಲಿ ಮಾಡಲು ಸಾಗಿಸಿದ್ದರಂತೆ. ಅನ್ನವಿಲ್ಲ, ಔಷಧವಿಲ್ಲ. ಇಬ್ಬರೂ ತಪ್ಪಿಸಿಕೊಂಡು ಕಾಡು ಬಿದ್ದು ಒಂದು ಹಳ್ಳಿ ಸೇರಿದರಂತೆ. ಆ ಜನರ ಮೈಮೇಲಿನ ಚಿಪ್ಪು, ಹಂದಿಯ ಕೋರೆ, ಗರಿಗಳನ್ನು ಕಂಡು ಇವರಿಗೆ ಜೀವ ಹೋಗುವಷ್ಟು ಭಯ.

"ಅಷ್ಟರಲ್ಲಿ ಒಬ್ಬ ಮುದ್ಕ ಸೋರೆಬುರುಡೆ ತಗ್ದ ಕಣವ್ವ. ಒಳೀಕೆ ಕಡ್ಡಿ ಆಕ್ದ, ಸುಣ್ಣ ತಗ್ದು ನೆಕ್ದ. ಬಾಯಲ್ಲಿ ಅಡ್ಕೆ! ನಂಜ ನನ್ನ ತಿವ್ದು, 'ಲೇ ಬೋರ, ಎಲೆಯಡ್ಕೆ ಹಾಕೋ ಜನ ಕಣ್ಲಾ, ನಮ್ಮನ್ನ ಏನೂ ಮಾಡಕಿಲ್ಲ' ಅಂದ. ಮುಂದಕ್ಕೆ ಹೋಗಿ ಅಂಗೈ ಚಾಚ್ದ, ಬೆರಳಲ್ಲಿ ಸುಣ್ಣ ಹಚ್ಚೋ ಹಂಗೆ ಮಾಡಿ ತೋರ್ಸ್ದ. ಮುದ್ಕ ಬಿದ್ದು ಬಿದ್ದು ನಕ್ಬುಟ್ಟ."

"ವೀಳ್ಯದೆಲೆ ಇತ್ತಾ ಅಲ್ಲಿ?" ಎಂದು ಅತ್ತೆ ಕೇಳಿದರು.

"ಎಲೆ ತಿನ್ನಕಿಲ್ಲ ಅವ್ರು. ಆ ಬಳ್ಳೀಲಿ ಬಿಡೋ ಕಾಯ ತಿಂತಾರೆ."

"ಎಲೆ ಬುಟ್ಟು ಕಾಯಾ!" ಎಂದು ಅತ್ತೆ ಆ ದುಃಖದಲ್ಲೂ ಆಶ್ಚರ್ಯಪಟ್ಟರು.

ಆ ಊರಿನಲ್ಲಿ ಕೆತ್ತಿದ ಸುಣ್ಣದ ಕಡ್ಡಿ ಇಲ್ಲದ ಗಂಡಸಿಗೆ ಮರ್ಯಾದೆ ಇಲ್ಲವಂತೆ. ಅದಕ್ಕೇ ಮುದುಕ ನನ್ನ ಗಂಡನಿಗೂ ಒಂದು ಕೆತ್ತಿಕೊಟ್ಟ. ಅವನ ಹೆಂಡತಿ ಗೆಣಸು ಬೇಯಿಸಿ ಹಾಕಿ ಇಬ್ಬರನ್ನೂ ಸಾಕಿದಳು. ಆದರೆ ಕಾಡಿನಲ್ಲಿ ಅವರಿಗೆ ಹತ್ತಿದ ಜ್ವರ ಇಳಿಯಲಿಲ್ಲ. ಆ ಮುದುಕಿಯ ಮಡಿಲಲ್ಲೇ ಹೋದರು. ಅವರ ಕೊರಳಿಗೆ ಚಿಪ್ಪಿನ ಸರ ಹಾಕಿ, ತಲೆಗೆ ಗರಿ ಕಟ್ಟಿ, ಮುಖಕ್ಕೆ ಬಣ್ಣ ಬರೆದು, ತಮ್ಮವನೊಬ್ಬನನ್ನು ಮಾಡುವ ಹಾಗೆಯೇ ಮಣ್ಣು ಮಾಡಿದರಂತೆ.

"ಆ ಮುದ್ಕಿ ಮೈಗೆಲ್ಲ ಜೇಡಿಮಣ್ಣು ಬಳಕೊಂಡ್ಳು ಕಣವ್ವ. ಅಲ್ಲಿ ಅದೇ ಸೂತಕ. ಒಡವೆ ಎಲ್ಲಾ ಬಿಚ್ಚಿಟ್ಳು. ವರ್ಷ ತುಂಬೋಗಂಟ ಹಂಗೇ ಇದ್ಲು, ಹೆತ್ತೋಳಂಗೆ. ಆಮೇಲೆ ಒಂದಿನ ಊರೋರೆಲ್ಲ ಹಂದಿ ಕೊಯ್ದು ಊಟ ಮಾಡುದ್ರು. ಅವ್ಳನ್ನ ಹೊಳೇಲಿ ಮೀಯಿಸಿ, ಚಿಪ್ಪು ಗಿಪ್ಪು ಎಲ್ಲಾ ಒಡವೆ ತಿರುಗಾ ಇಕ್ಕಿದ್ರು. ದುಃಖ ಮುಗೀತು ಅಂತ ಲೆಕ್ಕ. ಕುಣಿದ್ಳು ಅವತ್ತು."

ಅತ್ತೆಯ ಕೈಯಲ್ಲಿದ್ದ ಮೊರ ನಿಂತೇಹೋಗಿತ್ತು. "ನಾನಿಲ್ಲಿ ಮಗ ಬತ್ತಾನೆ ಅಂತ ಬದ ಎತ್ರ ಮಾಡೋ ಯೋಚ್ನೇಲಿದ್ದೆ. ಯಾವ್ಳೋ ತಾಯಿ ನನ್ ಮಗಂಗೆ ಮಣ್ಣು ಬಳಕೊಂಡು ಕುಂತಿದ್ಲಲ್ಲಪ್ಪ," ಎಂದರು. ಆಮೇಲೆ ಮತ್ತೆ ಕಾಳು ಆರಿಸಿದರು. ಅವರ ತಲೆಯಲ್ಲಿ ಏನೋ ನಡೆಯುತ್ತಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಮಧ್ಯಾಹ್ನ ಎರಡು ಎಲೆ ಹಾಕಿದೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಬ್ಬಟ್ಟು. ಹೊಸ ಪಂಚೆ ಕಂಟ್ರೋಲಿನಲ್ಲಿ ಸಿಗಲಿಲ್ಲ, ಅವರ ಹಳೆಯ ಟವೆಲನ್ನೇ ಒಗೆದು ಮಡಿಸಿಟ್ಟೆವು. ಅದರ ಮೇಲೆ ಸುಣ್ಣಕಾಯಿ, ಅದರಲ್ಲಿ ಕಡ್ಡಿ. ಬೋರಯ್ಯ ಧೂಪ ಹಾಕಿ ಅಡ್ಡಬಿದ್ದ. ಅತ್ತೆ ಮಗನ ಹೆಸರು ಹಿಡಿದು, "ನಂಜಾ, ಉಣ್ಣಪ್ಪ," ಅಂದರು. ನನಗೆ ಆ ಎಲೆಯನ್ನು ನೋಡಲಾಗಲಿಲ್ಲ.

ಬಾಗಿಲಲ್ಲಿ ದೊಡ್ಡತ್ತೆ ನಿಂತಿದ್ದರು, ಅವರ ಹಿಂದೆ ಇನ್ನಿಬ್ಬರು ಹೆಂಗಸರು. ದೊಡ್ಡತ್ತೆ ಕೆಟ್ಟವರಲ್ಲ. ಕಣ್ಣೀರು ಸುರಿಯುತ್ತಿತ್ತು. "ಬಾ ಮಗಾ ಪುಟ್ಟಿ. ಮಾಡ್ಬೇಕಾದ್ದ ಮಾಡ್ಬುಡಾನ. ಹಿತ್ಲಿಗೆ ನಡಿ," ಅಂದರು. ನಾನು ಎದ್ದೆ.

"ಕೂತ್ಕೊ ನೀನು," ಎಂದರು ಅತ್ತೆ. ಆಮೇಲೆ ಓರಗಿತ್ತಿಯ ಕಡೆ ತಿರುಗಿದರು. "ಅಕ್ಕ, ನನ್ ಮಗಂದು ಮಣ್ಣು ಅಲ್ಲಾಯ್ತು. ಸೂತಕ ಅಲ್ಲಾಯ್ತು. ವರ್ಷ ತುಂಬ್ತು. ದುಃಖ ಕಳ್ದು ಒಡವೆ ಇಕ್ಕೋ ಶಾಸ್ತ್ರಾನೂ ಅಲ್ಲೇ ಮುಗ್ದದೆ. ಯಾರೋ ತಾಯಿ ನಮ್ ಪಾಲಿಂದನ್ನೂ ಸೇರ್ಸಿ ಮಾಡವ್ಳೆ. ಮಾಡಿದ್ ಶಾಸ್ತ್ರಾನೇ ತಿರುಗಾ ಮಾಡ್ತಾರಾ? ಇವ್ಳ ಬಳೆ ಮುಟ್ಬೇಡ."

"ಅವ್ರ ಶಾಸ್ತ್ರ ನಮ್ಗೆ ಆಯ್ತದೇನೇ?"

"ನನ್ ಮಗನ್ಗೆ ಆಯ್ತಲ್ಲ."

ದೊಡ್ಡತ್ತೆ ಒಪ್ಪಲಿಲ್ಲ. ಹೊಸ್ತಿಲ ಮೇಲೆ ಕುಳಿತರು. ಆಗ ಬೋರಯ್ಯ ನನ್ನ ಕಡೆ ನೋಡಿ ಮೆಲ್ಲಗೆ ಅಂಗಿಯ ಜೇಬಿಗೆ ಕೈ ಹಾಕಿದ.

"ಇನ್ನೊಂದದೆ ಕಣವ್ವ. ಇದು ತಂಗ್ಯವ್ವಂದು. ಇದ ಕೊಟ್ರೆ ಎಲ್ಲಾ ಏಳ್ಬೇಕಾಯ್ತದಲ್ಲ ಅಂತ ಮಡಿಕ್ಕೊಂಡಿದ್ದೆ."

ಬಿಳಿಯ ಬಳೆ. ಸಮುದ್ರದ ದೊಡ್ಡ ಚಿಪ್ಪನ್ನು ಬಿದಿರಿನಿಂದ, ಮರಳು ನೀರು ಹಾಕಿ, ತಿಂಗಳುಗಟ್ಟಲೆ ಉಜ್ಜಿ ಮಾಡಿದ್ದಂತೆ. ಅಲ್ಲಿ ಹಬ್ಬದ ದಿನ ಮಾತ್ರ ತೊಡುವ ಒಡವೆ. ಅವರು ಜ್ವರದಲ್ಲಿ ಮಲಗಿದ್ದಾಗ, ನಿನ್ನ ಹೆಂಗಸಿಗೆ ಎಂದು ಮುದುಕ ಮಾಡಿಸಿದ್ದ. ಬೆರಳಿಗೆ ತಣ್ಣಗೆ, ನಯವಾಗಿತ್ತು.

ಅತ್ತೆ ಅದನ್ನು ಕಸಿದುಕೊಂಡರು. "ನೋಡಕ್ಕ, ಒಡವೇನೂ ಬಂತು," ಎಂದು ನನ್ನ ಎಡಗೈ ಎಳೆದುಕೊಂಡು ತೊಡಿಸಲು ಹೋದರು. ಅದು ಬೆರಳು ದಾಟಿ, ಗಿಣ್ಣಿನ ಹತ್ತಿರ ನಿಂತುಬಿಟ್ಟಿತು. ಅತ್ತೆ ತಳ್ಳಿದರು. ನಾನು ಕೈ ಕುಗ್ಗಿಸಿದೆ. ಮತ್ತೆ ತಳ್ಳಿದರು.

"ಇಂಗಲ್ಲ ಕಣೇ ತಳ್ಳೋದು!" ಎಂದು ಹೊಸ್ತಿಲಿಂದ ದೊಡ್ಡತ್ತೆ ಎದ್ದು ಬಂದರು. "ಹೆಬ್ಬೆಟ್ಟ ಒಳೀಕ್ ಮಡುಸ್ಬೇಕು. ಹರಳೆಣ್ಣೆ ತತ್ತಾ." ಊರಿನಲ್ಲಿ ಎಷ್ಟು ಮದುವಣಗಿತ್ತಿಯರ ಕೈಗೆ ಬಳೆ ಏರಿಸಿದ್ದರೋ ಅವರು. ಒಬ್ಬರು ಎಣ್ಣೆ ಸವರಿದರು, ಒಬ್ಬರು ಗಿಣ್ಣು ಒತ್ತಿದರು, ನಾನು ಅಯ್ಯೋ ಅಮ್ಮಾ ಎಂದು ಕೂಗಿದೆ. ಬಳೆ ತೆಗೆಸಲು ಬಂದವರು ಬೆವರಿಳಿಸಿಕೊಂಡು ಬಳೆ ಏರಿಸುತ್ತಿದ್ದರು. ಅದು ಮಾತ್ರ ಜಪ್ಪಯ್ಯ ಎಂದರೂ ಏರಲಿಲ್ಲ.

"ಇದ್ರ ಅಳ್ತೆ ಕೊಟ್ಟೋನು ಯಾವೋನ್ಲಾ?" ಎಂದು ದೊಡ್ಡತ್ತೆ ಬೋರಯ್ಯನ ಮೇಲೆ ರೇಗಿದರು.

"ನಂಜನೇ ಕಣಮ್ಮ. ಮುದ್ಕ ಕೇಳ್ದಾಗ ಇಂಗೆ ಮಾಡಿ ತೋರ್ಸ್ದ," ಎಂದು ಬೋರಯ್ಯ ಹೆಬ್ಬೆರಳು ನಡುಬೆರಳು ಸೇರಿಸಿ ಒಂದು ಸುತ್ತು ಮಾಡಿ ಹಿಡಿದ.

ನಾವು ಹೆಂಗಸರೆಲ್ಲ ಅದನ್ನು ನೋಡಿದೆವು. ಬಳೆ ಏರಬೇಕಾದದ್ದು ಗಿಣ್ಣಿನ ಮೇಲೆ. ಅಳತೆ ಎಂದರೆ ಗಿಣ್ಣಿನ ಅಳತೆ. ಮಣಿಕಟ್ಟಿನ ಅಳತೆಗೆ ಬಳೆ ಮಾಡಿಸುವ ಗಂಡಸನ್ನು ಪ್ರಪಂಚದಲ್ಲಿ ಯಾರಾದರೂ ಕಂಡಿದ್ದಾರೆಯೇ?

"ಥೂ ನನ್ ಮಗ್ನೆ," ಎಂದರು ಅತ್ತೆ, ಎಡೆಯ ಕಡೆ ತಿರುಗಿ. "ಬಳೆ ಹೆಂಗ್ ಇಕ್ಕೋತಾರೆ ಅಂತಾನೂ ಗೊತ್ತಿಲ್ವಲ್ಲೋ ನಿಂಗೆ!"

ಮೊದಲು ನಕ್ಕವರು ದೊಡ್ಡತ್ತೆ. ಆಮೇಲೆ ಅತ್ತೆ. ಆ ಮನೆಯಲ್ಲಿ ನಗು ಕೇಳಿ ಎಷ್ಟು ವರ್ಷವಾಗಿತ್ತೋ. ನಾನೂ ನಕ್ಕೆ. ನಗುತ್ತಾ ನಗುತ್ತಾ ಹುಣಸೂರಿನ ಬಸ್ಸು, ಸೆರಗಿನ ಮರೆ, ಇಷ್ಟೇ ಇಷ್ಟು ಎಂದ ಆ ಎರಡು ಬೆರಳು ಕಣ್ಣ ಮುಂದೆ ಬಂದವು. ಕಡಲಾಚೆ, ಜ್ವರದಲ್ಲಿ, ಅವರಿಗೆ ನೆನಪಿದ್ದ ನನ್ನ ಅಳತೆ ಅದೊಂದೇ. ನನ್ನ ನಗು ಎಲ್ಲಿ ಅಳುವಾಯಿತೋ ಗೊತ್ತಿಲ್ಲ. ಎದೆ ಬಿರಿಯುವ ಹಾಗೆ ಅತ್ತುಬಿಟ್ಟೆ. ಅತ್ತೆಮ್ಮ ನನ್ನನ್ನು ತಬ್ಬಿಕೊಂಡು ಅತ್ತರು. ಇಷ್ಟು ವರ್ಷ ಒಬ್ಬರಿಗೊಬ್ಬರು ಬಚ್ಚಿಟ್ಟದ್ದನ್ನೆಲ್ಲ ಅವತ್ತು ಎರಡು ಎಲೆಗಳ ಮುಂದೆ ಅತ್ತು ಮುಗಿಸಿದೆವು. ದೊಡ್ಡತ್ತೆ ಎಣ್ಣೆಗೈಯಲ್ಲೇ ನಮ್ಮಿಬ್ಬರ ಬೆನ್ನು ಸವರುತ್ತಾ ಕುಳಿತಿದ್ದರು. ಬಳೆಯ ಮಾತನ್ನು ಅವರು ಆಮೇಲೆ ಎಂದೂ ಎತ್ತಲಿಲ್ಲ. ಎತ್ತಿದವರ ಬಾಯಿಯನ್ನು ಅವರೇ ಮುಚ್ಚಿಸಿದರು.

ಮದುವೆಗೆ ಮುಂಚೆ ಮಿಡ್ಲ್ ಸ್ಕೂಲು ಓದಿದ್ದ ನನ್ನನ್ನು ಮರುವರ್ಷ ಅತ್ತೆಮ್ಮ ಮೈಸೂರಿಗೆ ಟೀಚರ್ ಟ್ರೇನಿಂಗಿಗೆ ಕಳಿಸಿದರು. ಕೈತುಂಬ ಹಸಿರು ಬಳೆ ತೊಟ್ಟೇ ಹೋದೆ, ಬಳೆ ತೊಟ್ಟೇ ನಿವೃತ್ತಿಯಾಗುವವರೆಗೆ ಪಾಠ ಮಾಡಿದೆ. ಅತ್ತೆಮ್ಮ ತೀರಿಕೊಂಡಾಗ ಸಂಚಿ, ಸುಣ್ಣಕಾಯಿ, ಆ ಕಡ್ಡಿ ಮೂರನ್ನೂ ಅವರ ಪಕ್ಕದಲ್ಲೇ ಇಟ್ಟು ಮಣ್ಣು ಮಾಡಿದೆವು. ಇಟ್ಟವನು ಬೋರಯ್ಯ. ಚಿಪ್ಪಿನ ಬಳೆ ನನ್ನ ಹತ್ತಿರ ಉಳಿಯಿತು. ಟ್ರಂಕಿನ ತಳದಲ್ಲಿ ಟವೆಲಿನೊಳಗೆ ಸುತ್ತಿಟ್ಟಿದ್ದೆ. ಏರುವುದಿಲ್ಲ ಎಂದು ಗೊತ್ತಿದ್ದದ್ದರಿಂದ ಮತ್ತೆಂದೂ ಪ್ರಯತ್ನಿಸಿರಲಿಲ್ಲ.

ಹೋದ ತಿಂಗಳು ಹುಣಸೂರಿನಿಂದ ಮನೆಗೆ ಬಂದವಳೇ ಟ್ರಂಕು ತೆಗೆದೆ. ನನ್ನ ಕೈ ಈಗ ಮೊದಲಿನ ಕೈಯಲ್ಲ. ಮಾಂಸವೆಲ್ಲ ಇಳಿದು ಮೂಳೆ ಚರ್ಮ ಮಾತ್ರ ಉಳಿದಿದೆ. ಸುಮ್ಮನೆ ಬೆರಳುಗಳನ್ನು ಒಟ್ಟು ಮಾಡಿ ಬಳೆಯೊಳಗೆ ತೂರಿಸಿದೆ. ಗಿಣ್ಣಿನ ಹತ್ತಿರ ಒಂದು ಚೂರು ತಡೆಯಿತು. ಹೆಬ್ಬೆಟ್ಟನ್ನು ಒಳಗೆ ಮಡಿಸಿದೆ, ದೊಡ್ಡತ್ತೆ ಹೇಳಿಕೊಟ್ಟ ಹಾಗೆ. ಎಣ್ಣೆಯೂ ಬೇಕಾಗಲಿಲ್ಲ. ಜಾರಿಕೊಂಡು ಬಂದು ಮಣಿಕಟ್ಟನ್ನು ಸುತ್ತಿ ಹಿಡಿಯಿತು.

"ಇಷ್ಟೇ ಇಷ್ಟು ಅದೆ ನೋಡಿ," ಅಂದೆ ನಾನು, ಗಟ್ಟಿಯಾಗಿಯೇ. ಆಮೇಲೆ ಅವರ ಹೆಸರು ಹಿಡಿದು ಕರೆದೆ.